ಬಾಣಂತಿಯ ಬಂಬ

ಅಥವಾ ಬಂಬದೊಳಗೆ ಗುದ್ದುತ್ತಿರುವುದು ಉಪ್ಪೇ ಅಲ್ಲವೇನೋ. ಉಪ್ಪಾಗಿದ್ದರೆ ಇಷ್ಟು ಹೊತ್ತಿಗೆ ಕರಗಬೇಕಿತ್ತು. ತಗಡು ತೆಳುವಾಗಿ, ಕಾದಾಗ ಹಿಗ್ಗುತ್ತಿದೆಯೇ? ಅಥವಾ ತಾನು ಮೊದಲಿನಿಂದಲೂ ತಪ್ಪು ಜಾಗದಲ್ಲಿ ಹುಡುಕುತ್ತಿದ್ದೇನೆಯೇ?

ದಢೇಸುಗೂರಿನಲ್ಲಿ, ಹೆಂಡತಿಯ ತವರುಮನೆಯ ಪಡಸಾಲೆಯಲ್ಲಿ ಕುಳಿತು ಮಲ್ಲೇಶ ಬಚ್ಚಲಿನ ಕಡೆಗೆ ಕಿವಿಕೊಟ್ಟಿದ್ದ. ನೀರು ಕಾಯಿಸುವ ಬಂಬ ಮತ್ತೆ ಸದ್ದು ಮಾಡುತ್ತಿತ್ತು. ಮೊದಲು ಗುಡುಗುಡು, ಆಮೇಲೆ ಏನೂ ಇಲ್ಲ, ಆಮೇಲೆ ಒಳಗಿನಿಂದ ಯಾರೋ ಗುದ್ದಿದ ಹಾಗೆ ಧಡ್. ಆ ನಡುವಿನ ನಿಶ್ಶಬ್ದವೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಅವನ ಹೆಂಡತಿ ಭಾರತಿ ಹಸಿ ಬಾಣಂತಿ. ದಿನವೂ ಅವಳು ಬೆನ್ನು ಕೊಟ್ಟು ಕೂರುವ ಮಣೆ ಆ ಬಂಬದ ಮಗ್ಗುಲಲ್ಲೇ ಇತ್ತು.

ಹೋದ ಭಾನುವಾರವೇ ಅವನು ಇದಕ್ಕೊಂದು ಕಾರಣ ಹೇಳಿ ಹೋಗಿದ್ದ. ಕಾಲುವೆ ಬಂದ್ ಆಗಿದೆ, ಬೋರಿನ ಸವಳು ನೀರು ತುಂಬುತ್ತಿದ್ದೀರಿ, ಒಳಗೆ ಉಪ್ಪು ಪದರಗಟ್ಟಿ ಬಿರಿಯುತ್ತಿದೆ ಎಂದಿದ್ದ. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನ ಮಾತು. ಭಾರತಿಯ ಅಣ್ಣ ಯಂಕೋಬ ಎದುರಾಡದೆ ನಿಂಬೆ ಉಪ್ಪು ತಂದು ಕಲಸಿ, ಬಂಬದಲ್ಲಿ ಇಡೀ ದಿನ ನಿಲ್ಲಿಸಿ ಚೆಲ್ಲಿದ್ದ. ಸದ್ದು ಇನ್ನಷ್ಟು ಜೋರಾಗಿತ್ತು. ಮಲ್ಲೇಶ ತಾನೇ ಬಿಚ್ಚಿ ನೋಡುತ್ತೇನೆ ಎಂದರೆ ಅತ್ತೆ ಗದ್ದೆಮ್ಮ ಬಿಡಲಿಲ್ಲ. ಅಳಿಯ ಬಚ್ಚಲಿಗಿಳಿದು ಮಸಿ ಮುಟ್ಟಿದರೆ ಓಣಿಯವರು ಏನಂದಾರು ಎಂಬ ಚಿಂತೆ ಅವಳದು.

ಈಗ ಧಡ್ ಎಂದ ಸದ್ದಿನ ಬೆನ್ನಿಗೇ ಬಕೆಟ್ ಉರುಳಿತು. ಯಾರೂ ಕೂಗಲಿಲ್ಲ. ಸ್ವಲ್ಪ ಹೊತ್ತಿಗೆ ಭಾರತಿ ತಲೆಗೆ ಬಟ್ಟೆ ಸುತ್ತಿಕೊಂಡು ಕೋಣೆಗೆ ಹೋದಳು. ಹಿಂದೆ ಬಂದ ಗದ್ದೆಮ್ಮ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಅದೇ ಕೈಯಲ್ಲಿ ಮೊಮ್ಮಗಳನ್ನು ಎತ್ತಲು ಹೋಗಿ ಸೆರಗು ಜಾರಿದಾಗ ಮಲ್ಲೇಶ ನೋಡಿದ. ಮುಂಗೈಯಿಂದ ಮೊಣಕೈವರೆಗೆ ಚರ್ಮ ಸುಲಿದಿತ್ತು. ಇವತ್ತಿನದಷ್ಟೇ ಅಲ್ಲ, ಒಣಗುತ್ತಿದ್ದ ಹಳೆಯ ಗಾಯವೂ ಇತ್ತು.

"ಏನಾಗಿಲ್ರಿ, ಒಂದೀಟು ಉಗಿ ತಾಗೇತಿ," ಎಂದಳು ಗದ್ದೆಮ್ಮ.

ಮಲ್ಲೇಶನ ತಲೆ ಕಾದಿತು. ಹೊಲದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದ ಯಂಕೋಬನ ಮೇಲೆ ಹರಿಹಾಯ್ದ. ಹಡೆದ ತಂಗಿಗೆಂದು ಬಂಬ ತರುವಾಗ ಕಣ್ಣು ಎಲ್ಲಿದ್ದವು, ಅಗ್ಗದ ತಗಡು ನೋಡಿ ಹೊತ್ತು ತಂದಿರೇನು ಎಂದು ಕೇಳಿದ.

ಯಂಕೋಬ ತಂಬಿಗೆ ಕೆಳಗಿಟ್ಟ. "ಸಿಂಧನೂರಾಗ ಎಲ್ಲಾಕಿಂತ ದಪ್ಪ ತಗಡಿಂದ ನೋಡಿ ತಂದೀನ್ರಿ ಮಾಸ್ತರ. ನಿಮ್ಮ ಗುರುಗುಂಟಾದಾಗ ಬಂಗಾರದ ಬಂಬ ಮಾಡ್ತಾರೇನು?"

"ನಿಮ್ಮವ್ವನ ಕೈ ನೋಡಿ ಆಡ್ರಿ ಆ ಮಾತು."

"ಯಾವ ಕೈ?"

ಅವನಿಗೂ ಗೊತ್ತಿರಲಿಲ್ಲ. ಗದ್ದೆಮ್ಮ ಒಲೆಯ ಕಡೆ ತಿರುಗಿ ನಿಂತಳು. ಅವಳ ಆ ಬೆನ್ನು ಕಂಡು ಮಲ್ಲೇಶನಿಗೆ ಇನ್ನೂ ಸಿಟ್ಟು ಬಂತು. ಪ್ಯಾಂಟು ಮಡಚಿ ಬಚ್ಚಲಿಗೆ ನುಗ್ಗಿದ. ಯಾರು ಬೇಡವೆಂದರೂ ಕೇಳಲಿಲ್ಲ. ಬೆಂಕಿ ಎಳೆದು ಆರಿಸಿ, ಬಂಬ ಆರುವವರೆಗೆ ಅಲ್ಲೇ ಕುಕ್ಕರಗಾಲಲ್ಲಿ ಕುಳಿತ. ಯಂಕೋಬನೂ ಬಂದು ಬಾಗಿಲಿಗೆ ನಿಂತ.

ಬಂಬಕ್ಕೆ ತಣ್ಣೀರು ಸುರಿಯುವ ಬಾಯಿ ಒಂದೇ. ಅಲ್ಲಿಂದ ಒಂದು ಕೊಳವೆ ತಳದವರೆಗೆ ಇಳಿಯುತ್ತದೆ. ಒಳಗಿನ ಉಗಿ ಹೊರಬರಲೂ ಅದೇ ದಾರಿ. ಮಲ್ಲೇಶ ಸುರಿದ ನೀರು ಸರಾಗವಾಗಿ ಇಳಿಯದೆ ಬಾಯಲ್ಲೇ ನಿಂತಿತು. ತಂತಿ ಬಗ್ಗಿಸಿ ಕೊಳವೆಯೊಳಗೆ ತೂರಿಸಿ ಎಳೆದ. ಮೊದಲು ಕರಿ ನೀರು ಬಂತು. ಆಮೇಲೆ ಮುದ್ದೆಯಾಗಿ ಕುದ್ದ ಸೊಪ್ಪು. ಕಡ್ಡಿಯಿಂದ ಒತ್ತಿ ತುಂಬಿದ್ದು. ಎಳೆದಷ್ಟೂ ಬರುತ್ತಿತ್ತು. ಉಗಿಗೆ ದಾರಿಯಿಲ್ಲದೆ ಒಳಗೇ ಗುದ್ದಾಡಿ, ಎಲ್ಲೋ ಒಮ್ಮೆ ಸಂದು ಸಿಕ್ಕಾಗ ಕುದಿನೀರು ಮೇಲಕ್ಕೆ ಚಿಮ್ಮುತ್ತಿತ್ತು. ಬಾಯಿಗೆ ತಣ್ಣೀರು ಸುರಿಯುವವಳ ಕೈ ಸುಡುತ್ತಿತ್ತು.

ಅವನು ಮುದ್ದೆಯನ್ನು ಮೂಗಿಗೆ ಹಿಡಿದ. ಲಕ್ಕಿ ತಪ್ಪಲು. ಬಾಣಂತಿಯ ಸ್ನಾನದ ನೀರಿಗೆಂದು ತನ್ನೂರು ಗುರುಗುಂಟಾದಿಂದ ತಾನೇ ಎರಡು ಸಲ ಚೀಲದಲ್ಲಿ ತಂದು ಕೊಟ್ಟಿದ್ದ ಸೊಪ್ಪು. ಕೊಟ್ಟು ಕಳಿಸಿದವಳು ತನ್ನ ತಾಯಿ ಪಂಪಾವತಿ.

"ಇದನ್ನ ಇದರಾಗ ಯಾಕ ತುಂಬೀರಿ?" ಎಂದು ಕೇಳಿದ. ದನಿ ಮೊದಲಿನಷ್ಟು ಏರಲಿಲ್ಲ.

ಗದ್ದೆಮ್ಮ ಸೆರಗು ಎಳೆದುಕೊಂಡಳು. ಕೋಣೆಯ ಹೊಸ್ತಿಲಲ್ಲಿ ನಿಂತು ಭಾರತಿಯೇ ಹೇಳಿದಳು. ಬೀಗಿತ್ತಿ ಪಂಪಾವತಿ ಫೋನಿನಲ್ಲಿ ಗದ್ದೆಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿದ್ದರಂತೆ. ತಪ್ಪಲು ಮೇಲೆ ಉದುರಿಸಿದರೆ ನಡೆಯುವುದಿಲ್ಲ, ನೀರಿನ ಕೂಡ ಹಂಡೆಯಲ್ಲೇ ಕುದಿಯಬೇಕು, ಇಲ್ಲದಿದ್ದರೆ ಬಾಣಂತಿಗೆ ಸೊಂಟ ಹಿಡಿಯುತ್ತದೆ ಎಂದು. ಈ ಮನೆಯ ಹಂಡೆ ಮಾರಿ ಬಹಳ ವರ್ಷವಾಗಿತ್ತು. ಹಂಡೆಯಿಲ್ಲ ಎಂದು ಗಂಡಿನ ತಾಯಿಗೆ ಹೇಳಲು ಗದ್ದೆಮ್ಮನಿಗೆ ನಾಚಿಕೆ. ಹಾಗಾಗಿ ಬಂಬದ ಬಾಯಿಗೇ ತುರುಕಿದ್ದಳು.

"ನಿನಗ ಗೊತ್ತಿತ್ತು."

"ಗೊತ್ತಿತ್ತು."

"ದಿನಾ ಅದರ ಬಾಜೂಕ ಕುಂತು ಮೈ ತೊಳಕೊಂಡಿ. ನನಗ ಒಂದು ಮಾತು ಹೇಳಾಕ ಏನಾಗಿತ್ತು?"

"ಹೇಳಿದ್ರ ಯಾರಿಗೆ ಬೈತಿದ್ರಿ?" ಎಂದಳು ಭಾರತಿ.

ಮಲ್ಲೇಶ ಎದ್ದು ನಿಂತ. ಈ ಮನೆಯಲ್ಲಿ ಯಾರಿಗೂ ಬಾಯಿಲ್ಲವೇ ಎಂದು ಕೂಗಾಡಿದ. ಕೈ ಸುಟ್ಟುಕೊಂಡರೂ ಸುಮ್ಮನೆ, ಸಾಯುವ ಹಾಗಾದರೂ ಸುಮ್ಮನೆ, ಈ ಸುಮ್ಮನಿರುವುದೇ ನಿಮ್ಮೆಲ್ಲರಿಗೆ ಹಿಡಿದ ರೋಗ ಎಂದ. ಮಗು ಎಚ್ಚೆತ್ತು ಅಳತೊಡಗಿತು. "ಈಗ ಹೇಳ್ತೀನಿ ನೋಡ್ರಿ. ಹೆಂಗ ಹೇಳಬೇಕಂತ ಕಲೀರಿ," ಎಂದು ಮಸಿಗೈಯಲ್ಲೇ ಫೋನು ತೆಗೆದು ತಾಯಿಗೆ ಹಚ್ಚಿದ. ಬ್ಯಾಡ್ರಿ, ಬೀಗಿತ್ತಿ ತಪ್ಪು ತಿಳಿತಾರ ಎಂದು ಗದ್ದೆಮ್ಮ ಮೆಲ್ಲಗೆ ಬೇಡಿಕೊಂಡಳು. ಅವನು ಅವಳ ಕಡೆ ನೋಡಲಿಲ್ಲ.

ಪಂಪಾವತಿಯ ದನಿ ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿತ್ತು. ಮೊಮ್ಮಗಳು ಹೇಗಿದ್ದಾಳೆ, ಕಣ್ಣು ಯಾರ ಹಾಗಿವೆ ಎಂದು ಕೇಳಿದಳು. ನಸುಕಿನಲ್ಲೇ ಎದ್ದು ಹಳ್ಳದ ದಂಡೆಗೆ ಹೋಗಿದ್ದೆ, ಕಾಲಿಗೆ ಮುಳ್ಳು ನೆಟ್ಟಿತು, ಆದರೂ ಇನ್ನೊಂದು ಚೀಲ ತಪ್ಪಲು ಹರಿದಿಟ್ಟಿದ್ದೇನೆ ಎಂದಳು. ಆಮೇಲೆ ಬಂಬ ಇನ್ನೂ ಸದ್ದು ಮಾಡುತ್ತದೆಯೇ ಎಂದು ವಿಚಾರಿಸಿದಳು.

"ಅವ್ವಾ," ಎಂದ ಮಲ್ಲೇಶ.

"ಅಗ್ಗದ್ದು ತಂದಾರ ಬಿಡು. ಆ ಯಂಕೋಬಂದು ಬರೀ ಬಾಯಿಮಾತು. ನಮ್ಮ ಸೊಸಿ ಮೈಮ್ಯಾಗ ಕುದಿನೀರು ಬಿದ್ರ ಗತಿಯೇನು? ಖಡಕ್ಕಾಗಿ ಹೇಳು ಅವರಿಗೆ."

ಯಂಕೋಬ ತಂತಿ ಹಿಡಿದು ಅಲ್ಲೇ ನಿಂತಿದ್ದ. ಮಲ್ಲೇಶ ತಾನು ಎಳೆದು ಹಾಕಿದ್ದ ಸೊಪ್ಪಿನ ಮುದ್ದೆಯ ಕಡೆ ನೋಡಿದ. ತನ್ನ ಮೇಲೇ ಹೇಸಿಗೆಯಾಗುವಷ್ಟು ಸಿಟ್ಟು ಬಂತು, ಆದರೂ ಬಾಯಿಂದ ಬಂದದ್ದು ಇಷ್ಟೇ: "ಹೂಂ. ಹೇಳೀನಿ. ಈಗ ಸರಿ ಆಗೇತಿ."

ಯಂಕೋಬ ತಂತಿಯನ್ನು ಗೋಡೆಗೆ ಎಸೆದು ಹೊರಗೆ ನಡೆದ. ಭಾರತಿ ಕೋಣೆಯ ಬಾಗಿಲು ಹಾಕಿಕೊಂಡಳು.

ಮರುದಿನದಿಂದ ಬಂಬ ತೆಪ್ಪಗೆ ಕಾದಿತು. ಗದ್ದೆಮ್ಮ ತಪ್ಪಲನ್ನು ಪಾತ್ರೆಯಲ್ಲಿ ಬೇರೆ ಕುದಿಸಿ, ಸೋಸಿ ಬಳಸಿದಳು. ತೊಟ್ಟಿಲ ಕಾರ್ಯದ ದಿನ ಬಂದಿದ್ದ ನೆಂಟರ ನಡುವೆ ಪಂಪಾವತಿ ಬೀಗರ ಅಗ್ಗದ ಬಂಬದ ಕಥೆ ಹೇಳಿ ನಗಿಸಿದಳು. ಗದ್ದೆಮ್ಮ ಉದ್ದತೋಳಿನ ಕುಪ್ಪಸ ತೊಟ್ಟು ಎಲ್ಲರಿಗೂ ಹೋಳಿಗೆ ಬಡಿಸಿದಳು. ಯಂಕೋಬ ಊಟಕ್ಕೆ ಕೂರಲಿಲ್ಲ. ಮಲ್ಲೇಶ ಎಲೆಯ ಮುಂದೆ ತಲೆ ಬಗ್ಗಿಸಿ ಉಂಡ.

ಬಂಬದ ಬಾಯಿ ಕಟ್ಟಿದ್ದು ನಿನ್ನ ತಪ್ಪಲು ಎಂದು ಅವನು ತಾಯಿಗೆ ಎಂದೂ ಹೇಳಲಿಲ್ಲ.