ಅಂಕಿಯ ಪಕ್ಕದ ಜಾಗ

ಗಣಪತಿ ಹಬ್ಬ ಮುಗಿದ ಮೇಲೆ ನಾನು ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ಯೆಣೆಗೂರ ಕಡೆಯ ಒಂದು ಕನ್ನಡ ಶಾಲೆಗೆ ವರ್ಗವಾಗಿ ಬಂದೆ. ಗಣಿತದಲ್ಲಿ ನನಗೆ ಪದವಿ ಇತ್ತು. ಮಂದಿಯ ದನಿ ಅಣಕಿಸುವುದಕ್ಕೆ ಪದಕ ಕೊಡುವವರಿದ್ದರೆ ಅದೂ ಇರುತ್ತಿತ್ತು. ದಿನಾ ಉಮರ್ಗಾದಿಂದ ಬರುವ ಕೆಂಪು ಬಸ್ಸಿನ ಕಂಡಕ್ಟರನನ್ನು ನಾನು ತರಗತಿಯ ತನಕ ಕರೆತರುತ್ತಿದ್ದೆ, ಅಂದರೆ ಅವನ ಮೂಗಿನ ದನಿಯನ್ನು.

ಎಂಟನೆಯ ತರಗತಿಗೆ ಮಹತ್ತಮ ಸಾಮಾನ್ಯ ಅಪವರ್ತನದ ಪಾಠ. ಹಲಗೆಯ ಮೇಲೆ 12x³y ಮತ್ತು 18x²y² ಬರೆದೆ. ಎರಡನ್ನೂ ಶೇಷವಿಲ್ಲದೆ ಭಾಗಿಸುವ ದೊಡ್ಡ ಅಂಕಿ ಆರು. ಎರಡರಲ್ಲೂ ಇರುವ ಅಕ್ಷರಗಳಲ್ಲಿ ಸಣ್ಣ ಘಾತದವು x², y. ಉತ್ತರ 6x²y. ಇಂಥವೇ ಐದು ಲೆಕ್ಕ ಕೊಟ್ಟೆ. ಸೀಮಾ ಎಂಬ ಹುಡುಗಿಯ ಲೆಕ್ಕ ಬರೆಯುವ ವಹಿಯಲ್ಲಿ ಐದಕ್ಕೂ ಅಂಕಿ ಮಾತ್ರ ಇತ್ತು. ಅಂಕಿಯೆಲ್ಲ ಸರಿ, ಪಕ್ಕದಲ್ಲಿ ಅಕ್ಷರ ಬರಬೇಕಾದಲ್ಲಿ ಎರಡು ಬೆರಳಷ್ಟು ಖಾಲಿ.

ವಹಿ ಎತ್ತಿ ಹಿಡಿದು ಕಂಡಕ್ಟರನ ಮೂಗುದನಿಯಲ್ಲಿ ಅಂದೆ: “ಏ ಬಾಯಿ, ಅರ್ಧಾ ತಿಕೀಟಿನ ಮ್ಯಾಲ ಹೊಂಟೀದಿ, ಇಳಿ ಕೆಳಗ.”

ಯಾರೂ ನಗಲಿಲ್ಲ. ಸೀಮಾ ಬೆಂಚಿನ ತನ್ನ ತುದಿಗೆ ಇನ್ನಷ್ಟು ಸರಿದಳು, ಪಕ್ಕದವರಿಗೆ ಜಾಗ ಬಿಡುವಂತೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಶಾಲೆಯಲ್ಲಿ ಖಿಚಡಿ ಮಾಡುವ ಅಂಬುಬಾಯಿ ನನಗೆ ಒಂದು ತಟ್ಟೆ ಬಡಿಸಿ, ಮೆಲ್ಲಗೆ ಹೇಳಿದಳು. ಕುರಿ ಕಾಯುವ ಧೂಳಪ್ಪನ ಮಗಳು ಸೀಮಾ, ಹೊಲವಿರುವ ಮನ್ಮಥಪ್ಪನ ಮಗಳು ಸ್ವಪ್ನಾಲಿ; ಒಂದನೆಯ ಇಯತ್ತೆಯಿಂದ ಇಬ್ಬರದೂ ಒಂದೇ ಬೆಂಚು. ಲೆಕ್ಕವನ್ನೂ ಹಂಚಿಕೊಂಡೇ ಮಾಡುವರು: ಅಂಕಿ ಸೀಮಾಳದು, ಅಕ್ಷರ ಸ್ವಪ್ನಾಲಿಯದು. ಶ್ರಾವಣದಲ್ಲಿ ಸ್ವಪ್ನಾಲಿಗೆ ಜ್ವರ ಬಂತು. ಉಮರ್ಗಾದ ದವಾಖಾನೆಗೆ ಒಯ್ದರೂ ಉಳಿಯಲಿಲ್ಲ.

ನಾನು ತಟ್ಟೆಯನ್ನು ಅವಳಿಗೇ ಮರಳಿಸಿ, ಧೂಳಪ್ಪ ಎಲ್ಲಿರುತ್ತಾನೆ ಎಂದು ಕೇಳಿದೆ.

ಸಂಜೆ ಧೂಳಪ್ಪನ ಕುರಿಹಟ್ಟಿಗೆ ಹೋದೆ. ಸಹಾಮಾಹಿ, ಅಂದರೆ ಅರ್ಧ ವರ್ಷದ ಪರೀಕ್ಷೆಗೆ ಎಂಟು ದಿನ ಉಳಿದಿತ್ತು. ಮಗಳು ಈ ಸಲ ನಪಾಸಾದರೆ ದೀಪಾವಳಿ ಆದ ಮೇಲೆ ಶಾಲೆ ಬಿಡಿಸಿ ಹಿಂಡಿನ ಸಂಗಡ ಕರೆದುಕೊಂಡು ಹೋಗುತ್ತೇನೆ ಎಂದ ಧೂಳಪ್ಪ. ಅವನ ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ಸೀಮಾ ಕುರಿ ಎಣಿಸುತ್ತಿದ್ದಳು. ತಪ್ಪಾಯಿತವ್ವಾ ಅಂದೆ. ನನ್ನ ಸ್ವಂತ ದನಿ ನನಗೇ ಪರಕೀಯವಾಗಿ ಕೇಳಿಸಿತು. ಲೆಕ್ಕದ ಅಕ್ಷರ ನಾನು ಬರೆದು ಕೊಡಲೇ ಎಂದೆ.

“ಬ್ಯಾಡ್ರೀ ಸರ್. ನಿಮ್ಮ ಅಕ್ಷರ ಆಕಿದರಂಗ ಇಲ್ಲ.”

“ಮತ್ತ ನೀನೇ ಬರಿ.”

“ನಾ ಬರದ್ರ ಆಕಿಗಿ ಏನ್ ಕೆಲಸ ಉಳೀತದ್ರಿ?”

ನಾನು ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಬಂದುಬಿಟ್ಟೆ.

ಪರೀಕ್ಷೆಗೆ ಅವಳು ಬಂದಳು. ಎರಡು ದಿನದ ಮೇಲೆ ಮುಖ್ಯಗುರು ಬಸವಕುಮಾರ ಅವಳ ಉತ್ತರಪತ್ರಿಕೆ ನನ್ನ ಮೇಜಿನ ಮೇಲಿಟ್ಟರು. “ಎರಡು ಕೈಬರಹ ಅವ ರೀ ಇದರಾಗ. ಕಾಪಿ ಆಗ್ಯಾದ, ರದ್ದ ಮಾಡ್ರಿ.”

ನೋಡಿದೆ. ಅಂಕಿಗಳು ದಪ್ಪ, ನೆಟ್ಟಗೆ ನಿಂತಿದ್ದವು. ಅಕ್ಷರಗಳು ತೆಳ್ಳಗೆ, ಬಲಕ್ಕೆ ವಾಲಿದ್ದವು. ಪ್ರತಿ yಗೂ ಕೆಳಗೆ ಸುರುಳಿ ಬಾಲ. ಕಪಾಟಿನಿಂದ ಜೂನ್ ತಿಂಗಳ ವಹಿಗಳನ್ನು ತೆಗೆದು ಸ್ವಪ್ನಾಲಿಯದನ್ನು ಹುಡುಕಿದೆ. ಅದೇ ವಾಲು, ಅದೇ ಬಾಲ. ಒಬ್ಬರನ್ನು ಅಷ್ಟು ಹುಬೇಹುಬ್ ಪಡಿಯಚ್ಚಾಗಿ ತರಬೇಕಾದರೆ ಅವರನ್ನು ಎಷ್ಟು ದಿನ ಕಣ್ಣು ತೆಗೆಯದೆ ನೋಡಿರಬೇಕು ಎಂಬುದು ನನ್ನಂಥವನಿಗೆ ಗೊತ್ತು.

“ಇಬ್ಬರು ಬರದಾರ, ಖರೇ ಅದ ಸರ್,” ಅಂದೆ. “ಆದ್ರ ಕಾಪಿ ಅಲ್ರಿ.”

ಅವರು ವಹಿಯನ್ನೂ ಪತ್ರಿಕೆಯನ್ನೂ ಪಕ್ಕಪಕ್ಕಕ್ಕಿಟ್ಟು ನೋಡಿದರು. ವಹಿಯ ಮೇಲಿನ ಹೆಸರು ಓದಿದರು. ಎರಡನ್ನೂ ನನ್ನ ಕಡೆಗೆ ಸರಿಸಿ ಹೊರಗೆ ಹೋದರು.

ನಾನು ತಪಾಸಣೆ ಮುಂದುವರಿಸಿದೆ. ಕೊನೆಯ ಲೆಕ್ಕ 8x, 12y. ಎರಡರಲ್ಲೂ ಇರುವ ಅಕ್ಷರ ಒಂದೂ ಇಲ್ಲ. ಉತ್ತರ ಬರೀ ನಾಲ್ಕು. ಸೀಮಾ 4 ಎಂದು ಬರೆದಿದ್ದಳು. ಪಕ್ಕದಲ್ಲಿ ಎರಡು ಬೆರಳಷ್ಟು ಜಾಗ ಬಿಟ್ಟಿದ್ದಳು.

ಪೂರ್ತಿ ಅಂಕ ಕೊಟ್ಟೆ. ಕೆಂಪು ಗುರುತನ್ನು ಆ ಜಾಗಕ್ಕೆ ತಾಗದಂತೆ ಈಚೆಗೆ ಹಾಕಿದೆ.