ಕಾಂಡಕ್ಕೆ ಬಳಿದ ಸುಣ್ಣ

ಸುಣ್ಣದ ವಾಸನೆ, ಯಾರ ಮನೆಗೆ ಬಳಿಯುತ್ತಿದ್ದಾರೋ, ಗೇಟು ತಳ್ಳಿದರೆ ನಮ್ಮದೇ ಹಿತ್ತಲಿನಿಂದ ಬರುತ್ತಿದೆ, ಕೆಲಸದಿಂದ ಬಂದ ಕಾಲಲ್ಲೇ ಹೋಗಿ ನೋಡುತ್ತೇನೆ — ಅಪ್ಪ ನೆಟ್ಟ ಮರ ಬುಡದಿಂದ ಕೈಗೆಟಕುವ ತನಕ ಬೆಳ್ಳಗೆ, ಪಕ್ಕದಲ್ಲಿ ನನ್ನ ಗಂಡ, ಕೈಯಲ್ಲಿ ಗೋಡೆ ಕೆರೆಯುವ ಬ್ಲೇಡು, ಅದರ ಅಂಚಿಗೆ ಏನೋ ಕೆಂಪು ಮೆತ್ತಿಕೊಂಡಿದೆ, ನೋಡೇ ಹೇಗೆ ನುಣ್ಣಗಾಯ್ತು, ಮೈಯೆಲ್ಲ ಗುಳ್ಳೆ ಎದ್ದಿತ್ತು, ಎಂಥದೋ ರೋಗ, ರಜೆ ಇತ್ತಲ್ಲ, ಕೆರೆದು ಹಾಕಿದೆ. ಕೆರೆದು ಹಾಕಿದನಂತೆ. ಊರವರ ಗೋಡೆಗೆಲ್ಲ ಬಣ್ಣ ಬಳಿದು ಬಳಿದು ಇವನ ಕಣ್ಣಿಗೆ ಉಬ್ಬಿದ್ದೆಲ್ಲ ಹಕ್ಕಳೆಯೇ, ಮೊದಲು ಕೆರೆ, ಆಮೇಲೆ ಬಳಿ, ಮದುವೆಯಾದ ಹೊಸತರಲ್ಲಿ ನನ್ನ ಮೊಡವೆಯನ್ನೂ ಹಾಗೇ ನೋಡುತ್ತಿದ್ದ. ಅಪ್ಪ ಲಾರಿ ಓಡಿಸುತ್ತಿದ್ದಾಗ ಬೆಟ್ಟದ ಕಾಡಿನಿಂದ ದಿಮ್ಮಿ ಹೊತ್ತು ಹೊತ್ತು, ಕೊನೆಗೊಂದು ದಿನ ಎಣ್ಣೆ ಡಬ್ಬಿಯಲ್ಲಿ ಸಸಿ ತಂದಿದ್ದ, ಅಷ್ಟೊಂದು ಹೊತ್ತವನು ಒಂದನ್ನಾದರೂ ನೆಡಬೇಡವೇನಮ್ಮ, ಇದು ಕೊಂಬೆಗಲ್ಲ, ಕಾಂಡಕ್ಕೇ ಹೂ ಬಿಡುತ್ತೆ, ಬುಡದಿಂದಲೇ ಗೊಂಚಲು ಗೊಂಚಲು, ಅಲ್ಲಿ ಮಂಜಿನೊಳಗೆ ಕೆಂಡದ ಹಾಗೆ ಕಾಣುತ್ತೆ — ಇವನಿಗೂ ಎಷ್ಟು ಸಲ ಹೇಳಿದ, ಊಟಕ್ಕೆ ಕೂತಾಗ, ಟೀವಿ ಮುಂದೆ, ಹೂಂ ಮಾವ, ಹೂಂ ಮಾವ, ಫೋನಿನಿಂದ ಕಣ್ಣೆತ್ತದೆ ಹೂಂಗುಟ್ಟಿದವನಿಗೆ ಕಿವಿ ಇರುವುದು ಯಾತಕ್ಕೆ, ಮುದುಕನ ಮಾತೆಂದರೆ ಇವನಿಗೆ ಫ್ಯಾನಿನ ಸದ್ದು.

ನಿನ್ನೆ ತಾನೆ, ಕಣ್ಣು ಪೂರ್ತಿ ಹೋದ ಅಪ್ಪನನ್ನು ತೋಳು ಹಿಡಿದು ಕರೆತಂದು ಅಂಗೈಯನ್ನು ಕಾಂಡಕ್ಕೆ ಒತ್ತಿದ್ದೆ, ಒಂದೊಂದೇ ಮೊಗ್ಗು ತಡವಿ, ಬಂತಲ್ಲಮ್ಮ, ನಾನು ಹೋಗೋದ್ರೊಳಗೆ ಬಂತು, ಡಾಕ್ಟರು ಹೇಳಿದ್ದಕ್ಕೆ ಅಳದವನು ಆಗ ಅತ್ತ, ಮೊಗ್ಗು ಬಂದಿದೆ ರೀ ಅಂತ ಒಳಗೆ ಕೂಗಿ ಹೇಳಿದೆ, ಮ್ಯಾಚು ನೋಡುತ್ತಿದ್ದವನು ಹೂಂ ಅಂದ. ಈಗ, ಗುಳ್ಳೆಯಲ್ಲ ರೀ, ಮೊಗ್ಗು ಅಂದರೆ, ಅಯ್ಯೋ ಮೊಗ್ಗಾ, ನಂಗೇನು ಗೊತ್ತು, ಬೇಕಂತ ಮಾಡಿದ್ನಾ, ಮುಂದಿನ ವರ್ಷ ಬಿಡುತ್ತೆ ಬಿಡು — ಮುಂದಿನ ವರ್ಷ, ಅಪ್ಪನಿಗೆ ಮುಂದಿನ ತಿಂಗಳನ್ನೇ ಡಾಕ್ಟರು ಕೊಟ್ಟಿಲ್ಲ, ನಿನ್ನ ಕೈ ಸೇದಿಹೋಗ, ಬಾಯಿಗೆ ಬಂದದ್ದನ್ನು ನುಂಗುತ್ತೇನೆ, ಕಿಟಕಿ ತೆರೆದಿದೆ, ಒಳಗೆ ಅಪ್ಪ ಕೋಲು ಹುಡುಕಿ ಏಳುವ ಸದ್ದು, ಬಂದ್ಯಾ ಮಗಳೇ, ಕರ್ಕೊಂಡು ಹೋಗಮ್ಮ, ಇವತ್ತು ಎಷ್ಟು ದಪ್ಪ ಆಗಿದಾವೋ ಮುಟ್ಟಿ ನೋಡ್ತೀನಿ. ಎಲ್ಲಿ ಮುಟ್ಟಿಸಲಿ, ಗೋಡೆಯ ಹಾಗೆ ನುಣ್ಣಗೆ, ಒದ್ದೆ, ಬುಡದಲ್ಲಿ ಇವನ ಚಪ್ಪಲಿ ತುಳಿದ ಸಿಪ್ಪೆ, ಒಂದಾದರೂ ಉಳಿದಿದೆಯಾ, ಇಲ್ಲ, ಒಂದೂ ಇಲ್ಲ, ಕೆಲಸದಲ್ಲಿ ಅಷ್ಟು ಅಚ್ಚುಕಟ್ಟು, ಬಂದ್ಯಾ ಅಮ್ಮ, ಬಂದೆ ಅಪ್ಪ, ಇವನು ಬ್ಲೇಡನ್ನು ಪ್ಯಾಂಟಿಗೆ ಒರೆಸಿಕೊಳ್ಳಲು ಹೊರಟಿದ್ದಾನೆ, ಒರೆಸಬೇಡ, ಒರೆಸಿದರೆ ನೋಡು, ಅರಳಬೇಕಾಗಿದ್ದು ಅಷ್ಟೇ ಉಳಿದಿದೆ, ಆ ಅಂಚಿನಲ್ಲಿ, ಬ್ಲೇಡಿನ ಅಂಚಿನಲ್ಲಿ ಕೆಂಪು —