ನಾಲ್ಕನೇ ಟೇಬಲ್ಲಿನ ಈರುಳ್ಳಿ ದೋಸೆ

ತಾಂಬರಂ ಸ್ಟೇಷನ್ ಎದುರಿನ ನಮ್ಮ ಹೋಟೆಲಿಗೆ ಆರ್ಡರ್ ಆ್ಯಪ್ ಬರೆದವಳು ನಾನೇ, ಪ್ರಣಮ್ಯಾ. ಗಿರಾಕಿ ತಮ್ಮ ಮೊಬೈಲಿನಲ್ಲಿ ಒತ್ತಿದರೆ ಅಡುಗೆಮನೆಯಲ್ಲಿ ಚೀಟಿ ಬರಬೇಕು. ಅಪ್ಪ ಮಾತ್ರ ಬೆಳಿಗ್ಗೆಯೇ ಖಡಾಖಂಡಿತ ಹೇಳಿಬಿಟ್ಟಿದ್ದರು: "ಇವತ್ತೊಂದು ದಿನ ನೋಡ್ತೇನೆ ಮಾರಾಯ್ತಿ. ಎಡವಟ್ಟಾದ್ರೆ ನಾಳೆಯಿಂದ ಮೊದಲಿನ ಹಾಗೆ ಕೂಗಿಯೇ ಆರ್ಡರು."

ನಾನು ತಿಂಗಳುಗಟ್ಟಲೆ ಒದ್ದಾಡಿ ಮಾಡಿದ ಕೆಲಸ ಆ ಕೂಗಾಟಕ್ಕೆ ಸೋಲುವುದೇ? ನನಗೆ ಮೈಯೆಲ್ಲ ಉರಿಯಿತು.

ಟಿಫಿನ್ ಹೊತ್ತಿಗೆ ಪೂರಿ, ಪೊಂಗಲ್, ಈರುಳ್ಳಿ ದೋಸೆ ಪಾರ್ಸೆಲ್ ಎಲ್ಲವೂ ನಾಲ್ಕನೇ ಟೇಬಲ್ಲಿಗೇ ಮೆರವಣಿಗೆ ಹೊರಟವು. ಅಲ್ಲಿ ಕೂತಿದ್ದವರು ಮಹಾ ಮಡಿವಂತರಾದ ಸುಶಮೀಂದ್ರ ಮಾಮ, ಅವರ ಹೆಂಡತಿ ತುಂಗಾ ಮಾಮಿ.

"ಏನಮ್ಮಾ ಇದು ಅನಾಚಾರ? ಇವತ್ತು ಏಕಾದಶಿ! ಎರಡು ಕಾಫಿ ಬಿಟ್ಟು ನಾವೇನು ಕೇಳಿದ್ವಿ?" ಮಾಮ ಎದ್ದೇ ನಿಂತರು.

ಲ್ಯಾಪ್‌ಟಾಪ್ ತೆರೆದೆ. ಪ್ರೋಗ್ರಾಮಿಗೂ ಕಂಟೇನರ್ ಎಂಬ ಉಗ್ರಾಣ ಇರುತ್ತದೆ. ಯಾವ ಕ್ಲಾಸಿನ, ಅಂದರೆ ಯಾವ ಬಗೆಯ, ವಸ್ತು ಬೇಕಾದರೂ ಅದೇ ಎತ್ತಿಕೊಡುತ್ತದೆ. ಹೇಗೆ ಕೊಡಬೇಕೆಂದು ನಾವು ಮೊದಲೇ ನೋಂದಾಯಿಸಬೇಕು. ಪ್ರಿಂಟರ್ ಎಲ್ಲರಿಗೂ ಒಂದೇ ಸಾಕು. ಆರ್ಡರಿಗೆ ಮಾತ್ರ ಫ್ಯಾಕ್ಟರಿ, ಅಂದರೆ ಪ್ರತಿಸಲ ಹೊಸದಾಗಿ ಮಾಡಿಕೊಡುವ ಕ್ರಮ, ನೋಂದಾಯಿಸಬೇಕು, ಆಗ ಕೇಳಿದವರಿಗೆಲ್ಲ ಹೊಸದು ಸಿಗುತ್ತದೆ. ಪಂಕ್ತಿಯಲ್ಲಿ ಸೌಟು ಒಂದೇ, ಎಲೆ ಒಬ್ಬೊಬ್ಬರಿಗೊಂದು. ಜಾಣೆ ನಾನು, ಎರಡನ್ನೂ ಎಲ್ಲರಿಗೂ ಒಂದೇ ಎಂದು ಬರೆದು ಹೋಟೆಲಿನವರನ್ನೆಲ್ಲ ಒಂದೇ ಎಲೆಗೆ ಕೂರಿಸಿದ್ದೆ!

ಆ ಸಾಲು ತಿದ್ದಿದೆ. ಮೊಬೈಲುಗಳು ತಮ್ಮ ತಮ್ಮ ಆರ್ಡರನ್ನು ತಾವೇ ಮತ್ತೆ ಕಳಿಸಿದವು. ಪೂರಿ, ಪೊಂಗಲ್ ಬೇರೆ ಟೇಬಲ್ಲುಗಳಿಗೆ ಹೋದವು. ನಾಲ್ಕಕ್ಕೆ ಎರಡು ಕಾಫಿ ಉಳಿಯಿತು. ಜೊತೆಗೆ ಈರುಳ್ಳಿ ದೋಸೆ ಪಾರ್ಸೆಲ್ಲೂ ಉಳಿಯಿತು, ತುಂಗಾ ಮಾಮಿಯ ಮೊಬೈಲಿನಿಂದಲೇ ಬಂದದ್ದು.

ಈಗ ಪ್ರೋಗ್ರಾಮಿನಲ್ಲಿ ತಪ್ಪೇ ಇಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ.

"ಇನ್ನೂ ಸರಿ ಹೋಗ್ಲಿಲ್ವೇನೇ ಕಣ್ಣಾ?" ಎಂದರು ಮಾಮಿ. ಅವರ ಸ್ವರ ನಡುಗುತ್ತಿತ್ತು. ಮಾಮ ಕನ್ನಡಕ ಏರಿಸಿದರು. ಅಪ್ಪ ಗಲ್ಲಾದಿಂದೆದ್ದು ನನ್ನ ಬೆನ್ನ ಹಿಂದೆಯೇ ಬಂದು ನಿಂತಿದ್ದರು.

ಅಯ್ಯೋ, ನನ್ನ ಆ್ಯಪೇ! ತಪ್ಪು ಅದರದ್ದೆಂದರೆ ಇವತ್ತಿಗೇ ಅದರ ಕಥೆ ಮುಗಿಯಿತು.

"ಇಲ್ಲ ಮಾಮಿ. ನನ್ನ ಪ್ರೋಗ್ರಾಮಿನದ್ದೇ ತಪ್ಪು," ಎಂದೆ.

"ನಾನು ಆಗ್ಲೇ ಹೇಳಿದೆ," ಎಂದು ಮಾಮ ಗೆದ್ದವರಂತೆ ಕಾಫಿ ಹೀರಿದರು.

ಅಪ್ಪ ಪರದೆ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಬಗ್ಗಿ ಮೆಲ್ಲಗೆ ಹೇಳಿದರು: "ಆ್ಯಪ್ ನಾಳೆಯೂ ಇರಲಿ. ಈಗ ಆ ದೋಸೆ ಕಟ್ಟಿಸಿ ಮಾಮಿಯ ಚೀಲಕ್ಕೆ ಹಾಕು. ಮಾಮ ಕೈ ತೊಳೀಲಿಕ್ಕೆ ಹೋದಾಗ. ಪ್ರತಿ ಏಕಾದಶಿಗೂ ನಾನು ಹಾಗೇ ಮಾಡೋದು."